ಎಂಬತ್ತು ಹಾರ್ಸ್‌ಪವರ್ ನಂಬಿ ಬೀಗರ ಮುಂದೆ ನಿಂತವನ ಅಹವಾಲು

ಹಾರ್ಸ್‌ಪವರ್ ಅಳೆಯುವ ಯಂತ್ರ ಮಹಾಶಯರ ಸನ್ನಿಧಾನಕ್ಕೆ,
ಜುಂಜೇಶನ ಗ್ಯಾರೇಜು, ಚಿತ್ರದುರ್ಗ.

ಮಾನ್ಯರೇ,

ಶ್ರೀರಾಂಪುರದ ನಿವೃತ್ತ ಗಣಿತ ಮೇಷ್ಟ್ರು ತಿಪ್ಪೇರುದ್ರಪ್ಪನಾದ ನಾನು, ತಾವು ಕರೆಂಟು ಹೋಗದೆ, ಎಣ್ಣೆ ಸೋರದೆ ಕ್ಷೇಮವಾಗಿದ್ದೀರೆಂದು ನಂಬಿ, ತಮ್ಮ ಉರುಳೆಗಳಿಗೆ ಸಾಷ್ಟಾಂಗವೆರಗಿ ಬರೆದುಕೊಳ್ಳುವ ಅಹವಾಲು.

ಕಳೆದ ತಿಂಗಳು ನನ್ನ ಡೀಸೆಲ್ ಕಾರು ತಮ್ಮ ಉರುಳೆಗಳ ಮೇಲೆ ಹತ್ತಿ ನಿಂತು ಚಕ್ರ ತಿರುಗಿಸಿದಾಗ, ತಾವು ಎಂಬತ್ತು ಹಾರ್ಸ್‌ಪವರ್ ಎಂದು ಅಪ್ಪಣೆ ಕೊಡಿಸಿದಿರಿ. ಅದು ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ ಬಂದದ್ದು ಎಂದು ತಮ್ಮ ಮುಖದಲ್ಲಿ ತೋರಿಸುವ ಸಾಲಿನ ಮೇಲೆ ಮಾತ್ರ ಆಯುಧಪೂಜೆಯಲ್ಲಿ ಬಳಿದ ಮೂರೆಳೆ ವಿಭೂತಿ ಗಟ್ಟಿಯಾಗಿ ಕೂತಿತ್ತು. ವಿಭೂತಿ ಒರೆಸುವಷ್ಟು ಧೈರ್ಯ ನನಗೂ ಇರಲಿಲ್ಲ, ಜುಂಜೇಶನಿಗೂ ಇರಲಿಲ್ಲ. ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ತಿಳಿಯಬೇಕಾದರೆ ಹಾರ್ಸ್‌ಪವರನ್ನು 7127ರಿಂದ ಗುಣಿಸಿ ನಿಮಿಷದ ಸುತ್ತಿನಿಂದ ಭಾಗಿಸಬೇಕು. ಡೀಸೆಲ್ ಉಳಿಸಲೆಂದು ನಾನು ಸಾವಿರ ಸುತ್ತು ದಾಟಿ ಎಂದೂ ಓಡಿಸಿದವನಲ್ಲವಾದ್ದರಿಂದ ಸಾವಿರದಿಂದಲೇ ಭಾಗಿಸಿದೆ. ಐನೂರ ಎಪ್ಪತ್ತು ನ್ಯೂಟನ್ ಮೀಟರ್ ಬಂತು! ಲಾರಿಗಳನ್ನು ಕಂಡರೆ ಅಯ್ಯೋ ಪಾಪ ಅನ್ನಿಸತೊಡಗಿತು.

ಆ ವಾರವೇ ಭೀಮಸಮುದ್ರದಲ್ಲಿ ನನ್ನ ಬೀಗರಾದ ಏಕಾಂತಪ್ಪನವರ ಟ್ರ್ಯಾಕ್ಟರು ಕೆಸರಿನಲ್ಲಿ ಹೂತಿತು. ಅವರು ಬೇಡವೆಂದರೂ ನಾನು ಕೇಳದೆ, ಇಪ್ಪತ್ತು ಜನ ನೆಂಟರೆದುರು ಲೆಕ್ಕ ವಿವರಿಸಿ, ಹಗ್ಗ ಕಟ್ಟಿಸಿದೆ. ಮಗಳು ಸಹನಾ ಆ ಮನೆಯ ಸೊಸೆ. ಅವಳಪ್ಪನ ಮಾನವೆಲ್ಲ ಆ ಹಗ್ಗದ ಮೇಲಿತ್ತು. ಕಾರು ಮೂರು ಸಲ ಗೊರ್ ಎಂದು ಆಫ್ ಆಯಿತು, ನಾಲ್ಕನೆಯ ಸಲ ಕ್ಲಚ್ಚಿನಿಂದ ಹೊಗೆ ಬಂತು. ಕೊನೆಗೆ ಪಕ್ಕದ ಹೊಲದ ಯಲ್ಲಕ್ಕ ಜೋಡೆತ್ತು ತಂದು ಮೊದಲು ನನ್ನ ಕಾರನ್ನು ದಾರಿಯಿಂದ ಸರಿಸಿ, ಆಮೇಲೆ ಟ್ರ್ಯಾಕ್ಟರನ್ನು ಎಳೆಸಿದಳು.

ಏಕಾಂತಪ್ಪನವರು, "ಬೀಗ್ರೆ, ನಿಮ್ ಗಾಡಿ ಗಟ್ಟಿನೇ ಐತೆ, ನಮ್ ನೆಲದ್ದೇ ತಪ್ಪು ಬಿಡ್ರಿ" ಎಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಇಷ್ಟು ಅವಮಾನವಾಗುತ್ತಿರಲಿಲ್ಲ.

ಮೊನ್ನೆ ಜುಂಜೇಶ ಸ್ನಾನ ಮಾಡಿ, ಮಂತ್ರ ಹೇಳಿ ತಮ್ಮ ಮುಖ ಒರೆಸಿದಾಗ ನಾಲ್ಕು ಸಾವಿರ ಸುತ್ತು ಎಂದು ಕಂಡಿತು. ಅಂದರೆ ಬಲ ಬರೀ ನೂರ ನಲವತ್ತೆರಡೂವರೆ. ಸಾವಿರ ಸುತ್ತಿನಲ್ಲಿ ಅದೂ ಇರಲಿಕ್ಕಿಲ್ಲವಂತೆ. ಆದರೂ ತಮ್ಮ ಮಹಿಮೆ ದೊಡ್ಡದು. ಸುತ್ತು ಕಡಿಮೆಯಾದಷ್ಟೂ ಬಲ ಹೆಚ್ಚುವ ನನ್ನ ಲೆಕ್ಕವನ್ನೇ ಮುಂದುವರಿಸಿದರೆ, ಇಂಜಿನ್ ಆಫ್ ಮಾಡಿದ ಕಾರಿನ ಬಲ ಅನಂತ. ಆದಕಾರಣ, ಬೇವಿನ ಮರದಡಿ ನಿಂತ ನನ್ನ ಕಾರು ದುರ್ಗದ ಏಳು ಸುತ್ತಿನ ಕೋಟೆಯನ್ನು ಹೊಸದುರ್ಗಕ್ಕೆ ಎಳೆದು ತರಬಲ್ಲದೆಂದು ತಾವು ಪ್ರಮಾಣಪತ್ರ ದಯಪಾಲಿಸಬೇಕು. ಇಲ್ಲವೇ ಉರುಳೆಗಳ ಸಮೇತ ಭೀಮಸಮುದ್ರಕ್ಕೆ ಬಂದು, ತಪ್ಪು ತಮ್ಮದೆಂದು ಬೀಗರೆದುರು ಒಪ್ಪಿಕೊಳ್ಳಬೇಕು. ಬಸ್ಸಿನ ವ್ಯವಸ್ಥೆ ನನ್ನದು.

ಕ್ಲಚ್ ಸುಟ್ಟರೂ ವಿಶ್ವಾಸ ಸುಡದ, ತಮ್ಮ ವಿಶ್ವಾಸಿ,
ತಿಪ್ಪೇರುದ್ರಪ್ಪ

ಮರೆತ ಮಾತು: ನಿನ್ನೆ ಸಹನಾ ಫೋನು ಮಾಡಿ, "ಅಪ್ಪಾಜಿ, ಸಾವಿರದಿಂದ ಭಾಗಿಸಿದ್ದು ತಪ್ಪು ಅಂತ ನಂಗೆ ಅವತ್ತೇ ಗೊತ್ತಿತ್ತು. ಅಷ್ಟು ಜನದ ಮುಂದೆ ಹೆಂಗೆ ಹೇಳ್ಲಿ?" ಎಂದು ಅತ್ತಳು. ಅವಳು ಸುಮ್ಮನಿದ್ದದ್ದು ಅಪ್ಪನ ಮೇಲಿನ ಪ್ರೀತಿಗೆ. ತಾವು ಸುಮ್ಮನಿದ್ದದ್ದೂ ಅದಕ್ಕೇ ಎಂದು ದಯವಿಟ್ಟು ಹೇಳಿಕೊಳ್ಳಬೇಡಿ.