ಭಾಮೈದನ ಬಾಟಲಿ, ನಮ್ಮ ಮನೆಯ ಹೊಗೆ

ಹೆಂಡತಿಯ ತಮ್ಮ ತಾನಾಗಿ ಉಪಚಾರಕ್ಕೆ ನಿಂತರೆ ಗಂಡನಾದವನು ಎಚ್ಚರವಾಗಿರಬೇಕು. ನಾನು ಎಚ್ಚರವಾಗಿಯೇ ಇದ್ದೆ. ಆದರೂ ಕೆಟ್ಟೆ.

ಮೊದಲು ನನ್ನ ದೂರು ಕೇಳಿ. ದಾವಣಗೆರೆಯ ಪೇಟೆಯಲ್ಲಿ ಅರಳೆ ಮೂಸಿಯೇ ಅದರ ಜಾತಕ ಹೇಳುವ ಮೂಗು ನನ್ನದು. ಆ ಮಹಾನಾಸಿಕಕ್ಕೆ ಮನೆಯಲ್ಲಿ ಸಿಗುತ್ತಿದ್ದುದು ಹೊಗೆ ಹತ್ತಿದ ಹಾಲು, ಹೊಗೆ ಹತ್ತಿದ ಸಾರು, ಹಬ್ಬಕ್ಕೆ ಹೊಗೆ ಹತ್ತಿದ ಶಾವಿಗೆ ಪಾಯಸ. ನಾನು ತಟ್ಟೆ ದೂಡುತ್ತಿದ್ದೆ.

"ಮಾಳಿಗೆ ಕೊರೆಸಿ ಒಂದು ಹೊಗೆಕೊಳವೆ ಇಡಿಸ್ರಿ, ನನ್ನ ಕಣ್ಣು ಹೋಗ್ತಾವ," ಎನ್ನುತ್ತಿದ್ದಳು ಹೆಂಡತಿ ನಿರ್ಮಲ.

"ಅಪ್ಪ ಕಟ್ಟಿಸಿದ ಮಾಳಿಗೆ ಮುಟ್ಟಬ್ಯಾಡ. ಒಲೆ ಊದೋದು ಕಲಿ!"

ಈ ಸಲ ಅವಳ ಕಣ್ಣು ನಿಜಕ್ಕೂ ಕೆಂಪಾಗಿ ಊದಿದ್ದವು. (ಈರುಳ್ಳಿ ಹೆಚ್ಚಿರಬೇಕು ಎಂದುಕೊಂಡೆ.)

ಆಗಲೇ ಭಾಮೈದ ಏಕಾಂತಪ್ಪ ನಮ್ಮಿಬ್ಬರನ್ನೂ ಹರಿಹರಕ್ಕೆ ಊಟಕ್ಕೆ ಕರೆದ. ಸ್ಕಾಟ್ಲೆಂಡಿನಲ್ಲಿ ಯಂತ್ರವಿದ್ಯೆ ಕಲಿತು ಬಂದು ಹರಿಹರದ ಕಾರ್ಖಾನೆಗೆ ಸೇರಿದ್ದ. ಊಟವಾಗಿ ನಿರ್ಮಲ ಒಳಕೋಣೆಯಲ್ಲಿ ಮಲಗಿದ ಮೇಲೆ ಕಪಾಟಿನಿಂದ ಒಂದು ಬಾಟಲಿ ತೆಗೆದ.

"ವಿಸ್ಕಿ, ಭಾವ. ಒಂದೇ ಭಟ್ಟಿದು, ಬರೇ ಬಾರ್ಲಿದು."

"ಶಿವ ಶಿವಾ! ನನ್ನ ಹಣೆ ತುಂಬ ವಿಭೂತಿ ಐತಲ್ಲೋ!" (ಬೆವರಿಗೆ ಅರ್ಧ ಹೋಗಿತ್ತು.)

ಪಾನನಿರೋಧದ ಕಾಲ ಬೇರೆ. ಇವನ ಅಕ್ಕನೇ ಹೇಳಿಕೊಟ್ಟು ನನ್ನ ಶೀಲಪರೀಕ್ಷೆ ಮಾಡಿಸುತ್ತಿದ್ದಾಳೆಯೇ? ಕಿವಿಗೊಟ್ಟೆ. ಒಳಗಿನಿಂದ ಗೊರಕೆ ಬಂತು, ನನಗೆ ಧೈರ್ಯ ಬಂತು. ಅಂಗೈಗೆ ಎರಡು ಹನಿ ಬಿಟ್ಟು, ಉಜ್ಜಿ, ಮೂಸಿದೆ.

"ಲೇ, ನಿನಗೆ ಮೋಸ ಮಾಡ್ಯಾರ. ಇದು ಹೊಗೆ ಹತ್ತೈತೆ!"

"ಬೇಕಂತಲೇ ಹತ್ತಿಸ್ತಾರೆ ಭಾವ. ಬಾರ್ಲಿ ನೆನೆಸಿ ಮೊಳಕೆ ಬರಿಸಿ, ನೆಲದ ಮ್ಯಾಲೆ ಹರವಿ ಕೈಯಾರೆ ಮಗುಚ್ತಾರೆ. ಆಮ್ಯಾಲೆ ಜವುಗಿನಾಗೆ ಹುಲ್ಲು-ಬೇರು ಕೊಳೆತು ಆದ ಮಣ್ಣುಹೆಂಟೆ ಸುಟ್ಟು ಆ ಹೊಗ್ಯಾಗೆ ಒಣಗಿಸ್ತಾರೆ. ಇದಕ್ಕೆ ಹೊಗೆ ತೆಳ್ಳಗೆ ಹಾಕ್ಯಾರ. ಪಳಗಿದ ನಾಲಿಗೆಗೆ ಮಾತ್ರ ಸಿಗ್ತೈತೆ."

ಪಳಗಿದ ನಾಲಿಗೆ! ನನಗೇ ಸವಾಲೆ? ಗುಟುಕರಿಸಿದೆ. ಮೊದಲು ಗಂಟಲು ಉರಿಯಿತು. ಆಮೇಲೆ ಜೇನಿನ ಸಿಹಿ, ಹುರಿದ ಧಾನ್ಯದ ಘಮ, ಕೊನೆಗೆ ಮೆಲ್ಲಗೆ ಹೊಗೆ. ಎಲ್ಲೋ ಮೊದಲೇ ಪರಿಚಯವಿದ್ದ ಹಾಗಿತ್ತು. ಇನ್ನೊಂದು ಗುಟುಕಿಗೆ ನನ್ನೊಳಗಿನ ಪಂಡಿತ ಎದ್ದು ನಿಂತ.

"ಆಹಾ! ಹೊಗೆನೇ ಇದರ ಪ್ರಾಣ ಕಣೋ. ಹೊಗೆ ಇಲ್ಲದ್ದು ಬರೀ ಸಪ್ಪೆ. ಇದರ ರುಚಿ ತಿಳೀದೋನು ದನ!"

ಗೊರಕೆ ನಿಂತಿತು. ಬಾಗಿಲು ತೆರೆಯಿತು.

"ಆ ದನಕ್ಕೇ ಇಷ್ಟು ವರ್ಷ ಪಾಯಸ ಮಾಡಿ ಹಾಕೀನಿ," ಎಂದು ನಿರ್ಮಲ ಲೋಟ ಕಿತ್ತುಕೊಂಡು ಮೂಸಿದಳು. "ಥೇಟ್ ನಮ್ಮ ಒಲೆ ವಾಸನೆ. ಈಗ ಹೇಳ್ರಿ, ಮಾಳಿಗೆ ಕೊರೆಸ್ತೀರೋ, ಇಲ್ಲಾ ಮಠದ ಅಜ್ಜಾರ ಮುಂದೆ ಬಂದು ಇದೇ ಮಾತು ಆಡ್ತೀರೋ?"

ಮರುವಾರವೇ ಮಾಳಿಗೆ ಕೊರೆಸಿದೆ. ನಮ್ಮ ಅಡುಗೆಮನೆಯ ಅಳತೆಗೆ ಸರಿಯಾಗಿ ಕತ್ತರಿಸಿದ ತಗಡಿನ ಕೊಳವೆ ಏಕಾಂತಪ್ಪನ ಹಿತ್ತಲಲ್ಲಿ ಮೊದಲೇ ತಯಾರಿತ್ತು. ನಿರ್ಮಲ ಗೊರಕೆ ಹೊಡೆಯುವವಳೇ ಅಲ್ಲ ಎಂಬುದು ಅದನ್ನು ಕಂಡಾಗ ನೆನಪಾಯಿತು.

ಅವಳ ಕಣ್ಣು ತಿಳಿಯಾದವು. ಹಬ್ಬ ಬಂತು, ಪಾಯಸವೂ ಬಂತು. ಹೊಗೆಯ ಸುಳಿವಿಲ್ಲ. ಒಂದು ಚಮಚ ತಿಂದೆ. ಏನೋ ಕಡಿಮೆ. ಇನ್ನೊಂದು ತಿಂದೆ. ಅಯ್ಯೋ, ಸಪ್ಪೆ!

"ಹೆಂಗೈತ್ರಿ?" ಎಂದಳು, ನನ್ನ ಮುಖವನ್ನೇ ನೋಡುತ್ತ.

"ಭಾಳ ಚಲೋ ಐತೆ," ಎಂದು ಇನ್ನೊಮ್ಮೆ ಬಡಿಸಿಕೊಂಡೆ.