ಅಳಿಯನ ದಿನವರದಿ

ನನ್ನ ಮನೆಯಲ್ಲಿ ನನಗೊಂದು ಕೋಣೆಯಿತ್ತು. 'ಇತ್ತು' ಎಂಬುದನ್ನು ದಯವಿಟ್ಟು ಗಮನಿಸಿ. ಅಲ್ಲೊಂದು ಒರಗುವ ಕುರ್ಚಿ, ಕಪಾಟಿನ ತುಂಬ ನಾನು ಮುಂದೆಂದೋ ಓದಲಿರುವ ಪುಸ್ತಕಗಳು. ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಗಂಭೀರ ಅಧ್ಯಯನ ನಡೆಸುತ್ತಿದ್ದೆ. (ಅಧ್ಯಯನದ ಸದ್ದು ಅಡುಗೆಮನೆವರೆಗೂ ಕೇಳಿಸುತ್ತಿತ್ತು ಎಂಬುದು ನನ್ನ ಹೆಂಡತಿಯ ಆರೋಪ. ಸಾಕ್ಷಿಗಳಿಲ್ಲ.)

ನಾವು ಈ ಪರದೇಶಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ನನ್ನ ಹೆಂಡತಿ ಇಲ್ಲಿನವರಿಗೆ ಸಂಜೆ ತರಗತಿಯಲ್ಲಿ ಕನ್ನಡ ಕಲಿಸುತ್ತಾಳೆ. ವಾರಕ್ಕೆರಡು ಗಂಟೆ ಕಲಿತದ್ದನ್ನು ಜನ ಮೆಟ್ಟಿಲಿಳಿಯುವಷ್ಟರಲ್ಲಿ ಮರೆಯುತ್ತಾರೆಂದು ಅವಳು ಗೊಣಗಿದ ದಿನ, ಮಹಾ ಬುದ್ಧಿವಂತನಾದ ನಾನೇ ಬಾಯಿಬಿಟ್ಟೆ. "ಹಾಗಾದ್ರೆ ಮನೇಲೇ ಇಟ್ಕೊಂಡು ಕಲಿಸು."

ತಮಾಷೆಗೆ ಹೇಳಿದ ಮಾತು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ತಿಂಗಳೊಳಗೆ ನನ್ನ ಕೋಣೆಗೆ ಮಂಚ ಬಂತು. ಕುರ್ಚಿ, ಬಟ್ಟೆ ಒಣಗಿಸುವ ಬಾಲ್ಕನಿಗೆ ಗಡೀಪಾರಾಯಿತು.

ಮೊದಲ ಅತಿಥಿ ಲಿಫ್ಟ್ ರಿಪೇರಿ ಮಾಡುವವನು, ಈ ದೇಶದವನೇ, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. ನಮ್ಮ ಕಡೆಯ ಹುಡುಗಿಯನ್ನು ಮದುವೆಯಾಗಿದ್ದ. ಅಳಿಯ ತನ್ನ ಜೊತೆ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡುವ ತನಕ ಅವರ ಮನೆ ಹೊಸ್ತಿಲು ತುಳಿಯುವುದಿಲ್ಲವೆಂದು ಊರಿನಲ್ಲಿರುವ ಅತ್ತೆ ಪಣ ತೊಟ್ಟಿದ್ದರಂತೆ. ನಾಲ್ಕು ವಾರ ರಜೆ ಹಾಕಿ ಬಂದಿದ್ದ. ಕೊನೆಯ ದಿನ ಫೋನಿನಲ್ಲಿ ಅತ್ತೆಯವರಿಂದಲೇ ಪರೀಕ್ಷೆ. ಪಾಸಾದರೆ ಅವನಿಗೆ ಅತ್ತೆ, ನನಗೆ ಕೋಣೆ. ಫೇಲಾದರೆ ಇನ್ನೂ ನಾಲ್ಕು ವಾರ ನಮ್ಮಲ್ಲೇ ಠಿಕಾಣಿ. ನಾವು ಅವನನ್ನು ಅಳಿಯ ಎಂದೇ ಕರೆದೆವು. ಅವನು ನನ್ನ ಹೆಂಡತಿಯನ್ನು ಅಕ್ಕ ಎಂದ, ಆ ಲೆಕ್ಕದಲ್ಲಿ ನಾನು ಭಾವನಾದೆ.

ಅಕ್ಕನ ಕಾನೂನು ಕಠಿಣ. ಮನೆಯೊಳಗೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಊಟವಾದ ಮೇಲೆ ಅಳಿಯ ಆ ದಿನ ಕಂಡದ್ದನ್ನೆಲ್ಲ ಕನ್ನಡದಲ್ಲಿ ವರದಿ ಒಪ್ಪಿಸಬೇಕು. ಕಂಡದ್ದನ್ನು ಮಾತ್ರ, ಕಟ್ಟಿದ್ದನ್ನಲ್ಲ.

ಮೊದಲ ವಾರದ ವರದಿ ನಿರುಪದ್ರವಿಯಾಗಿತ್ತು. "ಅಕ್ಕ ಪಾಠ ಮಾಡಿದರು. ಭಾವ ಬಾಲ್ಕನಿಯಲ್ಲಿ ಕೂತರು. ಭಾವ ಮಲಗಿದರು." ಒಂದೂ ತಪ್ಪಿಲ್ಲ ಎಂದು ಹೆಂಡತಿ ಮೆಚ್ಚಿದಳು.

ಈಗ ನನ್ನ ಆರೋಗ್ಯದ ವಿಚಾರಕ್ಕೆ ಬರೋಣ. ಡಾಕ್ಟರು ನನಗೆ ಸಿಹಿ ಬಿಡಿಸಿ, ದಿನಾ ಸಂಜೆ ಮುಕ್ಕಾಲು ಗಂಟೆ ನಡೆಯಲು ಹೇಳಿದ್ದರು. ನಾನು ತಪ್ಪದೆ ಹೊರಡುತ್ತಿದ್ದೆ. ಐದು ನಿಮಿಷ ನಡೆದರೆ ಮೂಲೆಯ ಬೇಕರಿ. ಅಲ್ಲಿ ಮೂವತ್ತೈದು ನಿಮಿಷ ವಿಶ್ರಾಂತಿ. ವಾಪಸು ಐದು ನಿಮಿಷ. ಒಟ್ಟು ಮುಕ್ಕಾಲು ಗಂಟೆ. ಮಾತು ರೂಢಿಯಾಗಲೆಂದು ಹೆಂಡತಿ ಅಳಿಯನನ್ನೂ ನನ್ನ ಬೆನ್ನಿಗೆ ಕಟ್ಟಿದಳು. ನನಗೆ ಚಿಂತೆಯಿರಲಿಲ್ಲ, ಅವನಿಗೆ ವರದಿ ಮಾಡುವಷ್ಟು ಮಾತು ಬರುತ್ತಿರಲಿಲ್ಲ.

ಆದರೆ ಕೋಣೆ ಬೇಕಲ್ಲ? ಅವನು ಬೇಗ ಕಲಿಯಲೆಂದು ನಾನೂ ಟೊಂಕ ಕಟ್ಟಿದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳಿಕೊಟ್ಟೆ. ನಾವು ಹೆಚ್ಚಾಗಿ ಬೇಕರಿಯಲ್ಲೇ ಇರುತ್ತಿದ್ದುದರಿಂದ ಕಣ್ಣಿಗೆ ಬೀಳುತ್ತಿದ್ದದ್ದೂ ಅದೇ. ಮೂರನೇ ವಾರದ ಒಂದು ರಾತ್ರಿ ಅಳಿಯ ಊಟ ಮುಗಿಸಿ ಕೈ ತೊಳೆದು ಬಂದು, ಬೆನ್ನು ನೇರ ಮಾಡಿ ಕೂತು ಶುರುಮಾಡಿದ.

"ಇವತ್ತು ಭಾವ ವಾಕಿಂಗ್ ಹೋಗಲಿಲ್ಲ. ಬೇಕರಿಗೆ ಹೋದರು. ಕ್ರೀಮ್ ಬನ್ ತಿಂದರು. ಚೆನ್ನಾಗಿದೆ ಅಂದರು. ಇನ್ನೊಂದು ತಿಂದರು. ನಿಮ್ಮಕ್ಕನಿಗೆ ಹೇಳಬೇಡ ಅಂದರು."

ಹೆಂಡತಿ ನನ್ನತ್ತ ನೋಡದೆಯೇ ಅವನ ಬೆನ್ನು ತಟ್ಟಿದಳು. ಬೇಕರಿ ಬಂದ್ ಎಂದು ನನಗೆ ತೀರ್ಪಾಯಿತು.

ಮರುದಿನ ದಾರಿಯಲ್ಲಿ ತರಾಟೆಗೆ ತೆಗೆದುಕೊಂಡರೆ ಅವನು ಮುಗ್ಧನಾಗಿ, ಕಂಡದ್ದನ್ನೇ ಹೇಳಬೇಕಲ್ಲವೇ ಎಂದ. ವ್ಯಾಕರಣ ಬಂದರೆ ಸಾಲದು, ಸಂಸಾರವೂ ಬರಬೇಕು ಎಂದು ನಾನು ವಿಶೇಷ ತರಗತಿ ಆರಂಭಿಸಿದೆ. (ಬೇಕರಿಯಲ್ಲೇ. ಬರಿಹೊಟ್ಟೆಯಲ್ಲಿ ಪಾಠ ಹತ್ತುವುದಿಲ್ಲ.) ಎಲ್ಲಿಗೆ ಹೋಗಿದ್ರಿ ಎಂದರೆ 'ಇಲ್ಲೇ'. ಏನು ತಿಂದ್ರಿ ಎಂದರೆ 'ಏನಿಲ್ಲ'. ಯಾವಾಗ ಮಾಡ್ತೀರಿ ಎಂದರೆ 'ನೋಡೋಣ'. ಇದು ಸುಳ್ಳಲ್ಲ, ಮರ್ಯಾದೆ ಎಂದೆ. ಅವನು ಬರೆದುಕೊಂಡ. ಆಮೇಲಿನ ವರದಿಗಳು ಒಂದೊಂದು ಸಾಲಿಗಿಳಿದವು. ಹೆಂಡತಿ ನನ್ನನ್ನು ದಿಟ್ಟಿಸಿದಳೇ ಹೊರತು ಏನೂ ಕೇಳಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ಪರೀಕ್ಷೆಯ ದಿನ ಫೋನು ಊಟದ ಮೇಜಿನ ನಡುವೆ, ಸ್ಪೀಕರಿನಲ್ಲಿ. ಹೆಂಡತಿ ಕಲಿಸಿದ ಕುಶಲ ಸಂಭಾಷಣೆ ಎಂಟು ನಿಮಿಷ ಸೊಗಸಾಗಿ ನಡೆಯಿತು. ಆಮೇಲೆ ಅತ್ತೆ ಪಠ್ಯದಾಚೆಗೆ ಕಾಲಿಟ್ಟರು.

"ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?"

"ಇಲ್ಲೇ ಅತ್ತೆ."

"ಅಲ್ಲಿ ಊಟಕ್ಕೆ ಏನೇನು ಮಾಡ್ತಿದ್ರು?"

"ಏನಿಲ್ಲ ಅತ್ತೆ."

"ನನ್ನ ಮಗಳನ್ನ ಯಾವಾಗ ಕರ್ಕೊಂಡು ಬರ್ತೀರಿ?"

"ನೋಡೋಣ ಅತ್ತೆ."

ಕೋಣೆ ಕೈಬಿಟ್ಟಿತು ಎಂದು ನಾನು ಅಂದುಕೊಳ್ಳುವಾಗ ಅತ್ತೆ ಬಿದ್ದು ಬಿದ್ದು ನಗತೊಡಗಿದರು.

"ಥೇಟ್ ನಮ್ಮನೆಯವರೇ. ನಲವತ್ತು ವರ್ಷದಿಂದ ಈ ಮೂರೇ ಮಾತು. ಪಾಸಪ್ಪಾ ನೀನು. ಇಷ್ಟು ಚೆನ್ನಾಗಿ ಯಾರು ಕಲಿಸಿದ್ದು?"

ಅಳಿಯ ಕೃತಜ್ಞತೆಯಿಂದ ನನ್ನತ್ತ ತಿರುಗಿದ. "ಪಾಠ ಅಕ್ಕ ಕಲಿಸಿದರು. ಇದನ್ನ ಭಾವ ಕಲಿಸಿದರು. ದಿನಾ ಬೇಕರಿಯಲ್ಲಿ. ನಿನ್ನೆ ಕೂಡ."

ಗುರುವಿಗೇ ತಿರುಮಂತ್ರ. ಹೆಂಡತಿಯ ಕಣ್ಣು ತಪ್ಪಿಸಲು ನಾನು ಮೇಜಿನ ಉಪ್ಪಿನ ಡಬ್ಬಿ ನೋಡುತ್ತ ಕೂತೆ. ಫೋನು ಇನ್ನೂ ಮಾತಾಡುತ್ತಿತ್ತು. "ಟೀಚರಮ್ಮಾ, ನನಗೆ ಆ ದೇಶದಲ್ಲೇ ಇನ್ನೂ ಇಬ್ಬರು ಅಳಿಯಂದಿರಿದ್ದಾರೆ. ಅವರನ್ನೂ ನಿಮ್ಮಲ್ಲೇ ಬಿಡ್ತೀನಿ."

ಸೋಮವಾರ ಇಬ್ಬರೂ ಬಂದಿಳಿದರು. ನನ್ನ ಕೋಣೆಗೆ ಎರಡನೇ ಮಂಚ ಬಿತ್ತು. ನಾನಿದನ್ನು ಬಾಲ್ಕನಿಯಲ್ಲಿ, ತಲೆಯ ಮೇಲೆ ತೊಟ್ಟಿಕ್ಕುವ ಟವೆಲಿನ ಕೆಳಗೆ ಕೂತು ಬರೆಯುತ್ತಿದ್ದೇನೆ. ಒಳಗೆ ಹೆಂಡತಿ ಇಬ್ಬರಿಗೂ ಹೊಸ ನೋಟ್‌ಬುಕ್ ಹಂಚಿ, ಮೊದಲ ಪುಟವನ್ನು ತಾನೇ ಬರೆದುಕೊಟ್ಟಿದ್ದಾಳೆ. "ಪಾಠ ಒಂದು: ಭಾವ ಎಲ್ಲಿಗೆ ಹೋದರು? ಹಿಂದೆಯೇ ಹೋಗಿ, ನೋಡಿ, ಬಂದು ಹೇಳಿ."