ಮುಳ್ಳಣ್ಣನ ಪಂಪು

ಇಷ್ಟಕ್ಕೆಲ್ಲ ಕಾರಣ ಒಂದು ಬೊಗಸೆ ನೀರು. ಭಾನುವಾರ ಮೀನಿನ ತೊಟ್ಟಿಯ ನೀರು ಬದಲಿಸುವಾಗ ಬಕೆಟ್ಟು ವಾಲಿ ಅಷ್ಟು ನೀರು ನೆಲಕ್ಕೆ ಚೆಲ್ಲಿತು. ಅದು ನೆಲದ ಬಿರುಕಿನಲ್ಲಿ ಇಳಿದು, ಕೆಳಗಿನ ಮನೆಯಲ್ಲಿ ಊಟಕ್ಕೆ ಕೂತಿದ್ದ ಮಾಲೀಕರ ಬೋಳುತಲೆಯ ಮೇಲೆ ತೊಟ್ಟಿಕ್ಕಿತು.

ಮಾಲೀಕರು ಮೆಟ್ಟಿಲೇರಿ ಬಂದರು. "ನೋಡಪ್ಪ, ಈ ಬಕೆಟ್ಟಿನ ವ್ಯವಹಾರ ನಿಲ್ಲಬೇಕು. ಬುಧವಾರ ಸಂಜೆ ಆರಕ್ಕೆ ಬರ್ತೀನಿ. ನೆಲದ ಮೇಲೆ ಒಂದು ಹನಿ ಕಂಡರೂ, ಕಿವಿಗೆ ಒಂದು ಗುಟುಕ್ ಅಂತ ಕೇಳಿದರೂ ತೊಟ್ಟಿ ಮನೆ ಬಿಡಬೇಕು." ಹೊರಡುವಾಗ ರೂಢಿಯಂತೆ ಹಜಾರದ ದೀಪ ಆರಿಸಿಯೇ ಹೋದರು. ಯಾರ ಮನೆಯಾದರೂ ಸರಿ, ಬಾಗಿಲು ದಾಟುವಾಗ ಕೈಗೆ ಸಿಕ್ಕ ಸ್ವಿಚ್ಚು ಆರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಹೋದ ತಿಂಗಳು ಅವರು ಮೆಟ್ಟಿಲ ದೀಪ ಆರಿಸಿದ್ದರಿಂದಲೇ ಪಕ್ಕದ ಮನೆಯ ನರ್ಸಮ್ಮ ಕೊನೆಯ ನಾಲ್ಕು ಮೆಟ್ಟಿಲನ್ನು ಒಂದೇ ಸಲಕ್ಕೆ ಇಳಿದಿದ್ದರು.

ತೊಟ್ಟಿಯ ಯಜಮಾನ ಗಡಿಯಾರ ರಿಪೇರಿ ಮಾಡುವವನು. ಕಟ್ಟಡದವರಿಗೆಲ್ಲ ಅವನು ಮುಳ್ಳಣ್ಣ. ಉಗುರಿನಷ್ಟಿದ್ದಾಗ ತಂದ ಏಳು ಚಿನ್ನದ ಮೀನುಗಳನ್ನು ಆರು ವರ್ಷದಿಂದ ಸಾಕಿದ್ದ.

"ಅವು ಹೋದರೆ, ನಾನು ಮನೆಗೆ ಬಂದಾಗ ಬಾಗಿಲ ಕಡೆಗೆ ಓಡಿಬರೋರು ಯಾರೂ ಇರಲ್ಲ ಕಣೇ," ಎಂದ.

"ನನ್ನ ಮಂಡಿ ಸರಿಯಾಗಲಿ, ನಾನೇ ಓಡಿಬರ್ತೀನಿ," ಎಂದಳು ಹೆಂಡತಿ.

ಬುಧವಾರ ಬೆಳಿಗ್ಗೆ ಮೀನಿನ ಅಂಗಡಿಯವನು ಉಪಾಯ ಹೇಳಿದ. ಮೇಲಿನ ತೊಟ್ಟಿಯಿಂದ ಉಕ್ಕಿದ ನೀರು ಪೈಪಿನಲ್ಲಿ ಕೆಳಗಿನ ಸಣ್ಣ ತೊಟ್ಟಿಗೆ ಇಳಿಯಬೇಕು. ಅಲ್ಲಿ ಸ್ಪಂಜು, ಕಲ್ಲುಗಳ ನಡುವೆ ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲಕ್ಕೆ ಏರಬೇಕು. ಬಕೆಟ್ಟಿನ ಕೆಲಸ ಅಪರೂಪ.

"ಗಂಟೆಗೆ ಎಷ್ಟು ಲೀಟರಿನ ಪಂಪು ಬೇಕು? ಎಷ್ಟು ಎತ್ತರ ಏರಬೇಕು? ಸ್ಪಂಜು ಒರಟೋ ನಯವೋ?"

ಅಕ್ಕಿಕಾಳಿನಷ್ಟು ಚಕ್ರಗಳನ್ನು ಚಿಮಟದಲ್ಲಿ ಎತ್ತುವ ಮುಳ್ಳಣ್ಣನ ತಲೆ ಗಿರ್ರೆಂದಿತು. "ನಿಧಾನವಾಗಿರೋದು ಒಂದು ಕೊಡಿ."

"ನಿಧಾನ ಅಂದ್ರೆ?"

"ಮೀನಿಗೆ ಗಾಬರಿ ಆಗದಷ್ಟು."

"ಹಾಗೆ ಡಬ್ಬದ ಮೇಲೆ ಬರೆದಿರಲ್ಲ ಸ್ವಾಮಿ." ಅಂಗಡಿಯವನು ತಾನೇ ಒಂದನ್ನು ಆರಿಸಿ ಕೊಟ್ಟ. "ಎರಡು ಮಾತು ನೆನಪಿಟ್ಕೊಳ್ಳಿ. ಕೆಳಗಿನ ತೊಟ್ಟಿ ಪೂರ್ತಿ ತುಂಬಬೇಡಿ. ಮೇಲೆ ಹೋಗೋ ಪೈಪಿನ ಬಾಯಿ ಮೇಲಿನ ತೊಟ್ಟಿಯ ನೀರಲ್ಲಿ ಮುಳುಗಿಸಬೇಡಿ. ಯಾಕಂದ್ರೆ..." ಅಷ್ಟರಲ್ಲಿ ಅವನ ಫೋನು ಕೂಗಿತು. ಯಾಕೆಂಬುದು ಅಂಗಡಿಯಲ್ಲೇ ಉಳಿಯಿತು.

ಪಂಪು ನೋಡಿದ್ದೇ ಎದುರುಮನೆಯ ನಿವೃತ್ತ ಇಂಜಿನಿಯರು ನಕ್ಕರು. "ಇಡೀ ಊರಿಗೆ ನೀರು ಕೊಟ್ಟವನು ನಾನು. ಇದೇನಯ್ಯಾ, ಸೊಳ್ಳೆಗೆ ಸ್ನಾನ ಮಾಡಿಸೋಕಾ?" ತಮ್ಮ ಮನೆಯಿಂದ ಒಂದು ಹಳೆಯ ಪಂಪು ತಂದು ಹಚ್ಚಿದರು. ನೀರು ಚಿಮ್ಮಿ ಗೋಡೆಗಡಿಯಾರಕ್ಕೆ ಬಡಿಯಿತು. ಏಳು ಮೀನೂ ಬಸ್ಸು ತಪ್ಪಿಸಿಕೊಂಡವರ ಹಾಗೆ ಒಂದು ಮೂಲೆಯಲ್ಲಿ ಕಂಗಾಲಾಗಿ ನಿಂತವು. ಮತ್ತೆ ಚಿಕ್ಕ ಪಂಪೇ ಬಂತು.

ಮಧ್ಯಾಹ್ನದ ಹೊತ್ತಿಗೆ ನೀರೇನೋ ಸುತ್ತತೊಡಗಿತು, ಸದ್ದು ಮಾತ್ರ ಎರಡು ಬಗೆಯದು. ಮೇಲೆ ಪೈಪಿನಿಂದ ಬೀಳುವ ನೀರಿನ ಸುರ್ರ್, ಕೆಳಗೆ ಗಾಳಿ ಎಳೆಯುವ ಪಂಪಿನ ಗೊರಗೊರ.

"ನಮ್ಮ ವಾರ್ಡಲ್ಲಿ ಹೀಗೆ ಉಸಿರಾಡಿದರೆ ಡಾಕ್ಟ್ರನ್ನ ಕರೀತೀವಿ," ಎಂದರು ಬಾಗಿಲಲ್ಲಿ ನಿಂತ ನರ್ಸಮ್ಮ. "ಕೆಳಗೆ ನೀರು ಸಾಲದು. ಅಂಚಿನವರೆಗೂ ತುಂಬಿ."

"ಪೈಪಿನ ಬಾಯಿ ಒಂದು ಗೇಣು ಮುಳುಗಿಸು, ಸುರ್ರ್ ಅನ್ನೋದೂ ಹೋಗುತ್ತೆ," ಎಂದರು ಇಂಜಿನಿಯರು.

"ಅಂಗಡಿಯವನು ಎರಡೂ ಬೇಡ ಅಂದಿದ್ದ..."

"ಯಾಕಂತೆ?"

ಮುಳ್ಳಣ್ಣ ಗಡಿಯಾರ ನೋಡಿದ. ಗಂಟೆ ಐದೂವರೆ. ತುಂಬಿದ, ಮುಳುಗಿಸಿದ. ಎರಡು ಸದ್ದೂ ನಿಂತವು. ನೆಲ ಒರೆಸಿದ, ಒರೆಸಿದ ನೆಲವನ್ನು ಇನ್ನೊಮ್ಮೆ ಒರೆಸಿದ.

ಆರಕ್ಕೆ ಸರಿಯಾಗಿ ಬಂದ ಮಾಲೀಕರು ನೆಲದ ಮೇಲೆ ಅಂಗೈ ಸವರಿದರು, ಗಾಜಿಗೆ ಕಿವಿಯಿಟ್ಟರು. ಎಲ್ಲಕ್ಕಿಂತ ದೊಡ್ಡ ಮೀನು ಅವರ ಮೂಗಿನೆದುರಿಗೇ ಬಂದು ನಿಂತಿತು. ಮಾಲೀಕರ ಮುಖ ಮಗುವಿನಂತಾಯಿತು. "ನನ್ನೇ ನೋಡ್ತಾ ಇದೆಯಲ್ಲಯ್ಯಾ. ಆಗಲಿ, ತೊಟ್ಟಿ ಇರಲಿ," ಎಂದು ಹೊರಟರು.

ಉಳಿದವರು ಮೈಮರೆತು ತೊಟ್ಟಿಯನ್ನೇ ನೋಡುತ್ತ ನಿಂತರು.

"ಈಗಂತೂ ಇನ್ನೂ ನಿಶ್ಶಬ್ದವಾಗಿದೆ," ಎಂದರು ಇಂಜಿನಿಯರು ಹೆಮ್ಮೆಯಿಂದ.

"ರೀ," ಎಂದಳು ಹೆಂಡತಿ, "ನನ್ನ ಕಾಲು ಒದ್ದೆ."

ಬಾಗಿಲ ಪಕ್ಕದಲ್ಲಿದ್ದ ಪಂಪಿನ ಸ್ವಿಚ್ಚು ಆರಿತ್ತು. ಪಂಪು ನಿಂತದ್ದೇ, ಮುಳುಗಿದ್ದ ಪೈಪು ಮೇಲಿನ ನೀರನ್ನು ಹೀರಿ ಬಂದ ದಾರಿಯಲ್ಲೇ ಕೆಳಕ್ಕಿಳಿಸುತ್ತಿತ್ತು. ಕೆಳಗಿನ ತೊಟ್ಟಿಯಲ್ಲಿ ಒಂದು ಲೋಟಕ್ಕೂ ಜಾಗವಿರಲಿಲ್ಲ. ಯಾಕೆಂಬುದು ಮುಳ್ಳಣ್ಣನಿಗೆ ಈಗ ತಿಳಿಯಿತು. ಅವನು ಪೈಪನ್ನು ಎಳೆದು ಮೇಲೆತ್ತುವಷ್ಟರಲ್ಲಿ ಮೇಲಿನ ತೊಟ್ಟಿಯ ಗೇಣಾಳದ ನೀರು ಕೆಳಮನೆಯ ದಾರಿ ಹಿಡಿದಾಗಿತ್ತು.

ಮಾಲೀಕರು ತಲೆಗೆ ಟವೆಲ್ಲು ಸುತ್ತಿಕೊಂಡು ಬಂದರು. "ಆರಿಸಿ ಹೋದರೂ ಇಷ್ಟು ಸೋರಿದೆ. ಓಡ್ತಾ ಇದ್ದಿದ್ದರೆ ನನ್ನ ಗತಿ ಏನಯ್ಯಾ?"

"ಸರ್, ನೀವು ಆರಿಸಿದ್ದಕ್ಕೇ..."

"ಅದೇ ನಾನೂ ಹೇಳ್ತಿರೋದು. ನಾನು ಆರಿಸಿದ್ದಕ್ಕೆ ಮನೆ ಉಳೀತು."

ಮುಳ್ಳಣ್ಣ ತನ್ನ ಮೀನಿನಂತೆಯೇ ಎರಡು ಸಲ ಬಾಯಿ ತೆರೆದು ಮುಚ್ಚಿದ. ಇಂಜಿನಿಯರು ಚಾವಣಿ ನೋಡಿದರು. ನರ್ಸಮ್ಮನಿಗೆ ಡ್ಯೂಟಿ ನೆನಪಾಯಿತು.

ಮಾಲೀಕರು ಗಾಜಿನ ಹತ್ತಿರ ಬಗ್ಗಿದರು. "ಇದರದ್ದೇನು ತಪ್ಪು, ಪಾಪ. ನಾಳೆಯಿಂದ ತೊಟ್ಟಿ ನಮ್ಮನೇಲಿರಲಿ. ನಮ್ಮ ಕೆಳಗೆ ಯಾರೂ ಇಲ್ಲ, ಸೋರಿದರೂ ಚಿಂತೆಯಿಲ್ಲ. ಊಟ ಮಾಡ್ತಾ ನೋಡಬಹುದು. ಸಂಜೆ ಇದ್ದ ಹಾಗೇ ಸದ್ದಿಲ್ಲದೆ ಇರಬೇಕು, ಅಷ್ಟೆ."

"ಸರ್, ಪಂಪು ಮಾತ್ರ ಯಾವಾಗಲೂ..."

"ನನಗೆ ಹೇಳಬೇಕೇನಯ್ಯಾ? ದಿನಾ ರಾತ್ರಿ ಮಲಗೋ ಮುಂಚೆ ತಪ್ಪದೆ ಆರಿಸ್ತೀನಿ. ನೀನು ಬೆಳಿಗ್ಗೆ ಅಂಗಡಿಗೆ ಹೋಗೋವಾಗ ಬಂದು ನೆಲ ಒರೆಸಿ, ಮತ್ತೆ ನೀರು ತುಂಬಿ ಹೋಗು. ಬಕೆಟ್ಟು ಹೇಗೂ ಇದೆಯಲ್ಲ ನಿನ್ನ ಹತ್ರ."

ಹೊರಡುವಾಗ ಹಜಾರದ ದೀಪವನ್ನೂ ಆರಿಸಿದರು.